ಬಯಾಪ್ಸಿ ಬಾಟಲಿಯ ಮೊದಲ ಗಂಟೆ

ತಾಲ್ಲೂಕು ಕೇಂದ್ರದ ನರ್ಸಿಂಗ್ ಹೋಮಿನಲ್ಲಿ ಗಂಟೊಂದನ್ನು ಕತ್ತರಿಸಿ ತೆಗೆದ ಮೇಲೆ, ಹೊರಗೆ ಕಾದು ಕುಳಿತ ಮನೆಯವರ ಕೈಗೆ ಅನೇಕ ಸಲ ಒಂದು ಸಣ್ಣ ಪ್ಲಾಸ್ಟಿಕ್ ಬಾಟಲಿ ಬರುತ್ತದೆ. ಅದನ್ನು ಜಿಲ್ಲಾ ಕೇಂದ್ರದ ಲ್ಯಾಬಿಗೆ ತಲುಪಿಸುವ ಹೊಣೆ ಅವರದು. ಬಸ್ಸಿನಲ್ಲೋ ಬೈಕಿನಲ್ಲೋ ಸಾಗುವ ಆ ಬಾಟಲಿಯಲ್ಲಿ ಇರುವ ದ್ರವ ಯಾವುದು, ಅದು ಎಷ್ಟಿರಬೇಕು, ತುಂಡು ಅದರಲ್ಲಿ ಮುಳುಗಿದ್ದು ಎಷ್ಟು ಹೊತ್ತಿಗೆ ಎಂದು ಕೇಳುವವರು ಅಪರೂಪ. ಗಂಟು ಕ್ಯಾನ್ಸರೋ ಅಲ್ಲವೋ, ಆಗಿದ್ದರೆ ಯಾವ ಬಗೆಯದು, ಯಾವ ಔಷಧಿಗೆ ಬಗ್ಗೀತು ಎಂಬುದನ್ನು ಸೂಕ್ಷ್ಮದರ್ಶಕದಡಿ ಓದಲು ಆಗುತ್ತದೆಯೇ ಇಲ್ಲವೇ ಎಂಬುದು ಬಹುಮಟ್ಟಿಗೆ ಈ ಮೂರು ಪ್ರಶ್ನೆಗಳ ಉತ್ತರದ ಮೇಲೆ ನಿಂತಿದೆ.

ಲ್ಯಾಬಿನೊಳಗೆ ಆಗುವ ಹೆಚ್ಚಿನ ಎಡವಟ್ಟುಗಳಿಗೆ ಮದ್ದಿದೆ. ಬಣ್ಣ ಗಾಢವಾದರೆ ತೊಳೆದು ತಿಳಿ ಮಾಡಬಹುದು, ಪೇಲವವಾದರೆ ಮತ್ತೆ ಅದ್ದಬಹುದು. ಸ್ಲೈಡ್ ಒಡೆದುಹೋದರೆ ಮೇಣದ ಬ್ಲಾಕಿನಿಂದ ಇನ್ನೊಂದು ಪದರ ಕತ್ತರಿಸಿಕೊಳ್ಳಬಹುದು. ಮದ್ದೇ ಇಲ್ಲದ ಹೆಜ್ಜೆಯೆಂದರೆ ಮೊಟ್ಟಮೊದಲನೆಯದು: ಫಿಕ್ಸಿಂಗ್, ಅಂದರೆ ಅಂಗಾಂಶವನ್ನು ಅದು ದೇಹದಲ್ಲಿದ್ದ ರೂಪದಲ್ಲೇ ಸ್ಥಿರಗೊಳಿಸುವುದು. ಆ ಹೆಜ್ಜೆ ಶುರುವಾಗುವುದು ಆಪರೇಷನ್ ಥಿಯೇಟರಿನಲ್ಲಿ, ನರ್ಸ್ ಅಥವಾ ಅಟೆಂಡರ್ ಕೈಯಲ್ಲಿ. ಪೆಥಾಲಜಿಸ್ಟ್ ಆ ತುಂಡನ್ನು ನೋಡುವ ಹೊತ್ತಿಗೆ ಆಗಬೇಕಾದ್ದು ಆಗಿಹೋಗಿರುತ್ತದೆ.

ತುಂಡು ತನ್ನನ್ನೇ ತಿನ್ನತೊಡಗಿದಾಗ

ಕತ್ತರಿಸಿದ ಕ್ಷಣದಲ್ಲೇ ಆ ತುಂಡಿನ ಜೀವಕೋಶಗಳಿಗೆ ರಕ್ತವೂ ಆಮ್ಲಜನಕವೂ ನಿಂತುಹೋಗುತ್ತವೆ. ಕೋಶದೊಳಗಿನ ಲೈಸೋಸೋಮ್ ಎಂಬ ಪುಟ್ಟ ಚೀಲಗಳು ಒಡೆದು, ಅವುಗಳಲ್ಲಿದ್ದ ಕಿಣ್ವಗಳು ತಮ್ಮದೇ ಕೋಶವನ್ನು ಜೀರ್ಣಿಸತೊಡಗುತ್ತವೆ. ಇದಕ್ಕೆ ಆಟೊಲೈಸಿಸ್ ಎನ್ನುತ್ತಾರೆ. ಬ್ಯಾಕ್ಟೀರಿಯಾಗಳಿಂದ ಆಗುವ ಕೊಳೆತ ಇದರ ಬೆನ್ನಿಗೇ ಬರುತ್ತದೆ. ಮೇದೋಜೀರಕ ಗ್ರಂಥಿ, ಕರುಳಿನ ಒಳಪದರ, ಪಿತ್ತಕೋಶ ಬಲುಬೇಗ ಕೆಡುತ್ತವೆ. ಚರ್ಮ ಮತ್ತು ಸ್ನಾಯು ತುಸು ತಾಳಿಕೊಳ್ಳುತ್ತವೆ. ಬಿಸಿ ಹೆಚ್ಚಿದಷ್ಟೂ ಕಿಣ್ವಗಳ ಓಟ ಹೆಚ್ಚು. ಹಾಗಾಗಿ ಏಪ್ರಿಲ್ ತಿಂಗಳ ರಾಯಚೂರು, ಕಲಬುರಗಿಗಳಲ್ಲಿ ಒಂದು ಗಂಟೆ ತಡವಾದರೆ ಆಗುವ ಹಾನಿ ಮಡಿಕೇರಿಯ ಡಿಸೆಂಬರಿನಲ್ಲಿ ಆಗುವುದಕ್ಕಿಂತ ಬಹಳ ಹೆಚ್ಚು.

ಫಿಕ್ಸಿಂಗಿಗೆ ಬಳಸುವ ಫಾರ್ಮಲಿನ್ ದ್ರವ ಕೈಗೆ ಸಿಗದಾಗ ಸಲೈನಿನಲ್ಲಿ ಹಾಕಿ ಕಳಿಸುವ ರೂಢಿ ಇನ್ನೂ ಅಲ್ಲಲ್ಲಿ ಇದೆ. ಸಲೈನ್ ತುಂಡನ್ನು ಒದ್ದೆಯಾಗಿ ಇಡುತ್ತದೆ, ಅಷ್ಟೇ. ಒಳಗಿನ ಕಿಣ್ವಗಳನ್ನು ಅದು ತಡೆಯುವುದಿಲ್ಲ. ನಲ್ಲಿ ನೀರು ಇನ್ನೂ ಕೆಟ್ಟದ್ದು, ನೀರು ಒಳನುಗ್ಗಿ ಕೋಶಗಳು ಉಬ್ಬಿ ಒಡೆಯುತ್ತವೆ. ಸರ್ಜಿಕಲ್ ಸ್ಪಿರಿಟ್ ಒಂದಿಷ್ಟು ಫಿಕ್ಸ್ ಮಾಡುತ್ತದೆ, ಆದರೆ ನೀರನ್ನು ಎಳೆದುಕೊಂಡು ತುಂಡನ್ನು ಕುಗ್ಗಿಸಿ, ಹೊರಭಾಗವನ್ನು ಬಿರುಸಾಗಿಸುತ್ತದೆ. ಆಲ್ಕೋಹಾಲ್ ಪ್ರೋಟೀನನ್ನು ಹೆಪ್ಪುಗಟ್ಟಿಸುವ ಬಗೆ ಬೆಂದ ಮೊಟ್ಟೆಯ ಬಿಳಿಯಂಥದ್ದು: ವಸ್ತು ಅಲ್ಲೇ ಇರುತ್ತದೆ, ಒಳಗಿನ ನವಿರು ರಚನೆ ಮಾತ್ರ ಕಲಸಿಹೋಗಿರುತ್ತದೆ.

ಫಾರ್ಮಲಿನ್ನಿನಲ್ಲಿರುವ ಫಾರ್ಮಾಲ್ಡಿಹೈಡ್ ಹಿಡಿಯುವ ದಾರಿ ಬೇರೆ. ಅದು ಪ್ರೋಟೀನಿನಲ್ಲಿರುವ ಲೈಸಿನ್‌ನಂಥ ಅಮೈನೋ ಆಮ್ಲಗಳ ತುದಿಗೆ ಅಂಟಿಕೊಂಡು, ಆಮೇಲೆ ಪಕ್ಕದ ಪ್ರೋಟೀನಿಗೂ ಬೆಸೆದು, ಎರಡರ ನಡುವೆ ಮಿಥಿಲೀನ್ ಸೇತುವೆ ಕಟ್ಟುತ್ತದೆ. ಇಂಥ ಲೆಕ್ಕವಿಲ್ಲದ ಸೇತುವೆಗಳಿಂದ ಕೋಶದ ಒಳಗೆಲ್ಲ ಒಂದು ಬಲೆ ಹೆಣೆದುಕೊಳ್ಳುತ್ತದೆ. ಕಿಣ್ವಗಳೂ ಪ್ರೋಟೀನುಗಳೇ ಆದ್ದರಿಂದ ಅವೂ ಈ ಬಲೆಗೆ ಸಿಕ್ಕಿ ಸುಮ್ಮನಾಗುತ್ತವೆ.

ಈ ಗುಣ ಗೊತ್ತಾಗಿದ್ದು ಬೇರೇನನ್ನೋ ಹುಡುಕುವಾಗ. 1893ರಲ್ಲಿ ಫ್ರಾಂಕ್‌ಫರ್ಟಿನ ವೈದ್ಯ ಫರ್ಡಿನಾಂಡ್ ಬ್ಲುಮ್ ಫಾರ್ಮಾಲ್ಡಿಹೈಡ್ ದ್ರಾವಣ ಕ್ರಿಮಿನಾಶಕವಾಗಿ ಎಷ್ಟು ಕೆಲಸಕ್ಕೆ ಬರುತ್ತದೆಂದು ಪರೀಕ್ಷಿಸುತ್ತಿದ್ದರು. ಕೆಲಸ ಮಾಡುತ್ತಾ ಅವರ ಬೆರಳ ತುದಿಯ ಚರ್ಮ ಗಟ್ಟಿಯಾಯಿತು. ಅಂಗಾಂಶವನ್ನು ಗಟ್ಟಿಗೊಳಿಸಲು ಆವರೆಗೆ ಬಳಕೆಯಲ್ಲಿದ್ದದ್ದು ಆಲ್ಕೋಹಾಲ್ ಮತ್ತು ವಾರಗಟ್ಟಲೆ ಕಾಯಬೇಕಿದ್ದ ಕ್ರೋಮಿಯಂ ಲವಣಗಳು. ಬ್ಲುಮ್ ತಮ್ಮ ಬೆರಳಲ್ಲಿ ಕಂಡದ್ದನ್ನು ಅಂಗಾಂಶದ ಮೇಲೆ ಪರೀಕ್ಷಿಸಿ ಬರೆದರು. ನೂರಮೂವತ್ತು ವರ್ಷ ಕಳೆದರೂ ಅದನ್ನು ಪೂರ್ತಿ ಬದಿಗೊತ್ತುವ ದ್ರವ ಬಂದಿಲ್ಲ.

ಹತ್ತು ಪರ್ಸೆಂಟ್ ಎಂದರೆ ನಾಲ್ಕು ಪರ್ಸೆಂಟ್

ಹೊಸ ಟೆಕ್ನಿಷಿಯನ್‌ಗಳು ಮೊದಲು ಮುಗ್ಗರಿಸುವುದು ಲೆಕ್ಕದಲ್ಲಿ. ಅಂಗಡಿಯಿಂದ ತರುವ ಫಾರ್ಮಲಿನ್ ಎಂದರೆ ನೀರಿನಲ್ಲಿ ಕರಗಿಸಿದ 37ರಿಂದ 40 ಪ್ರತಿಶತ ಫಾರ್ಮಾಲ್ಡಿಹೈಡ್. ಅದರ 1 ಪಾಲಿಗೆ 9 ಪಾಲು ನೀರು ಬೆರೆಸಿದರೆ '10 ಪ್ರತಿಶತ ಫಾರ್ಮಲಿನ್'. ಅದರಲ್ಲಿ ಇರುವ ಫಾರ್ಮಾಲ್ಡಿಹೈಡ್ ಸುಮಾರು 4 ಪ್ರತಿಶತ ಮಾತ್ರ. ಬಾಟಲಿಯ ಮೇಲೆ ಯಾವ ಲೆಕ್ಕ ಬರೆದಿದೆ ಎಂದು ನೋಡದೆ ಮತ್ತೊಮ್ಮೆ ನೀರು ಬೆರೆಸಿದರೆ ತುಂಡು ಅರೆಬರೆ ಫಿಕ್ಸ್ ಆಗುತ್ತದೆ. ನೀರೇ ಬೆರೆಸದೆ ಗಟ್ಟಿ ಫಾರ್ಮಲಿನ್ನಿಗೆ ಹಾಕಿದರೆ ಹೊರಮೈ ಬಿರುಸಾಗಿ ಒಳಗಿನದು ಹಸಿಯಾಗಿಯೇ ಉಳಿಯಬಹುದು.

ಬರಿ ನೀರಿಗಿಂತ ಫಾಸ್ಫೇಟ್ ಬಫರ್ ಬೆರೆಸಿದ ಫಾರ್ಮಲಿನ್ ಮೇಲು. ಲ್ಯಾಬುಗಳು ತಯಾರಿಸುವ ಕ್ರಮ ಸರಳ: ಫಾರ್ಮಲಿನ್ 100 ಮಿಲಿಲೀಟರ್, ಬಟ್ಟಿ ಇಳಿಸಿದ ನೀರು 900 ಮಿಲಿಲೀಟರ್, ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್ ಮಾನೊಹೈಡ್ರೇಟ್ 4 ಗ್ರಾಂ, ನೀರಿಲ್ಲದ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ 6.5 ಗ್ರಾಂ. ಇದರ ಪಿಎಚ್ 7ರ ಆಸುಪಾಸು ನಿಲ್ಲುತ್ತದೆ. ಬಫರ್ ಇಲ್ಲದ ಫಾರ್ಮಲಿನ್ ಇಟ್ಟಲ್ಲೇ ನಿಧಾನವಾಗಿ ಫಾರ್ಮಿಕ್ ಆಮ್ಲವಾಗುತ್ತದೆ. ಆ ಹುಳಿ ದ್ರವ ರಕ್ತದ ಹಿಮೋಗ್ಲೋಬಿನ್ ಜೊತೆ ಸೇರಿ ಕಂದುಗಪ್ಪು ಹರಳುಗಳನ್ನು ಉಳಿಸುತ್ತದೆ. ಗುಲ್ಮದ ಸ್ಲೈಡಿನಲ್ಲಿ ಇವು ಮಲೇರಿಯಾದ ಕಪ್ಪುಕಣಗಳಂತೆಯೇ ಕಂಡು ದಾರಿ ತಪ್ಪಿಸಬಲ್ಲವು. ಕೆಲವು ರೂಪಾಯಿಯ ಲವಣ ಉಳಿಸಲು ಹೋಗಿ ಇಂಥ ಗೊಂದಲ ತಂದುಕೊಳ್ಳುವುದರಲ್ಲಿ ಅರ್ಥವಿಲ್ಲ.

ದ್ರವ ಎಷ್ಟಿರಬೇಕು? ತುಂಡಿನ ಗಾತ್ರದ ಕನಿಷ್ಠ 10 ಪಟ್ಟು, ಸಾಧ್ಯವಾದರೆ 20 ಪಟ್ಟು. ನಿಂಬೆಹಣ್ಣಿನ ಗಾತ್ರದ ಗಂಟನ್ನು ಅಷ್ಟೇ ಗಾತ್ರದ ಬಾಟಲಿಗೆ ತುರುಕಿ, ಮೇಲೆ ನಾಲ್ಕು ಚಮಚ ಫಾರ್ಮಲಿನ್ ಸುರಿದರೆ ಅದು ಫಿಕ್ಸಿಂಗ್ ಆಗುವುದಿಲ್ಲ. ಬಾಟಲಿಯ ಬಾಯಿ ಅಗಲವಾಗಿರಬೇಕು. ಮೆತ್ತಗಿದ್ದಾಗ ಕಿರಿದಾದ ಕತ್ತಿನಿಂದ ಒಳಹೋದ ತುಂಡು ಗಟ್ಟಿಯಾದ ಮೇಲೆ ಹೊರಬರುವುದಿಲ್ಲ. ಎಳೆದು ತೆಗೆದರೆ ಅಂಚುಗಳು ನಜ್ಜುಗುಜ್ಜಾಗುತ್ತವೆ, ಗಂಟು ಪೂರ್ತಿಯಾಗಿ ಬಂದಿದೆಯೇ ಎಂದು ಹೇಳಬೇಕಾದದ್ದು ಆ ಅಂಚುಗಳೇ.

ಫಾರ್ಮಲಿನ್ ಒಳಗಿಳಿಯುವ ವೇಗಕ್ಕೂ ಒಂದು ಲೆಕ್ಕವಿದೆ. ಲ್ಯಾಬಿನವರ ಬಾಯಲ್ಲಿ ಅದು 'ಗಂಟೆಗೆ ಒಂದು ಮಿಲಿಮೀಟರ್'. ಆದರೆ ಒಳಹೋದಂತೆ ವೇಗ ತಗ್ಗುತ್ತದೆ. 1941ರಲ್ಲಿ ಪೀಟರ್ ಮೆಡಾವರ್ ತೋರಿಸಿಕೊಟ್ಟಂತೆ, ದ್ರವ ಇಳಿಯುವ ಆಳ ಕಾಲದ ವರ್ಗಮೂಲಕ್ಕೆ ತಕ್ಕಂತೆ ಹೆಚ್ಚುತ್ತದೆ; ಆಳ ಎರಡು ಪಟ್ಟಾಗಬೇಕಾದರೆ ನಾಲ್ಕು ಪಟ್ಟು ಹೊತ್ತು ಬೇಕು. ಒಳಗಿಳಿದ ಮಾತ್ರಕ್ಕೆ ಕೆಲಸ ಮುಗಿಯುವುದೂ ಇಲ್ಲ, ಸೇತುವೆಗಳು ಕಟ್ಟಿಕೊಳ್ಳಲು ಇನ್ನಷ್ಟು ಸಮಯ ಹಿಡಿಯುತ್ತದೆ. ಸಾಧಾರಣ ಕೋಣೆಯ ಉಷ್ಣತೆಯಲ್ಲಿ ತುಂಡಿಗೆ ಒಂದು ಹಗಲು, ಒಂದು ರಾತ್ರಿ ಕೊಡುವುದು ವಾಡಿಕೆ.

ದೊಡ್ಡ ಅಂಗಗಳ ವಿಷಯದಲ್ಲಿ ಸರ್ಜನ್ ಮತ್ತು ಪೆಥಾಲಜಿಸ್ಟ್ ನಡುವೆ ಮಾತುಕತೆ ಇರಲೇಬೇಕು. ಪೂರ್ತಿ ತೆಗೆದ ಸ್ತನವನ್ನು ಬಕೆಟ್ ಫಾರ್ಮಲಿನ್ನಿಗೆ ಹಾಗೆಯೇ ಹಾಕಿದರೆ ಹೊರಗಿನ ಕೊಬ್ಬು ಫಿಕ್ಸ್ ಆಗುವಷ್ಟರಲ್ಲಿ ನಡುವಿನ ಗಂಟು ಕೆಟ್ಟಿರುತ್ತದೆ. ಅದನ್ನು 5ರಿಂದ 10 ಮಿಲಿಮೀಟರ್ ಅಂತರದಲ್ಲಿ ಸೀಳಿ, ಸೀಳುಗಳ ನಡುವೆ ಗಾಜ್ ಬಟ್ಟೆ ಇಡಬೇಕು. ಕರುಳನ್ನು ಉದ್ದಕ್ಕೆ ಬಿಡಿಸಿ, ಥರ್ಮಾಕೋಲ್ ಹಲಗೆಗೆ ಪಿನ್ ಮಾಡಿ ಬೋರಲು ತೇಲಿಸುತ್ತಾರೆ. ಶ್ವಾಸಕೋಶಕ್ಕೆ ಶ್ವಾಸನಾಳದ ಮೂಲಕವೇ ಫಾರ್ಮಲಿನ್ ತುಂಬಿಸುತ್ತಾರೆ. ಮಿದುಳಿಗೆ ವಾರಗಳೇ ಬೇಕು. ಅದರ ತಳದ ರಕ್ತನಾಳದ ಕೆಳಗೆ ದಾರ ಪೋಣಿಸಿ, ಪಾತ್ರೆಯ ತಳಕ್ಕೆ ತಾಗಿ ಚಪ್ಪಟೆಯಾಗದಂತೆ ತಲೆಕೆಳಗಾಗಿ ತೂಗುಬಿಡುತ್ತಾರೆ. ಹೀಗೆ ಕಾಪಿಟ್ಟ ಮಿದುಳುಗಳು ಹೇಗಿರುತ್ತವೆ ಎಂದು ನೋಡುವ ಆಸೆಯಿದ್ದವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಿದುಳಿನ ಮ್ಯೂಸಿಯಂ ಇದೆ; ಮಣಿಪಾಲದ ಅಂಗರಚನಾ ಮತ್ತು ರೋಗಶಾಸ್ತ್ರ ಮ್ಯೂಸಿಯಂ ಕೂಡ ವಿದ್ಯಾರ್ಥಿಗಳೊಂದಿಗೆ ಹೋಗಿ ನೋಡಬೇಕಾದ ಜಾಗ.

ಸ್ತನ ಕ್ಯಾನ್ಸರಿನಲ್ಲಿ ಈ ಗಡಿಯಾರದ ಲೆಕ್ಕ ಚಿಕಿತ್ಸೆಯನ್ನೇ ಬದಲಿಸಬಲ್ಲದು. ಈಸ್ಟ್ರೋಜನ್ ರಿಸೆಪ್ಟರ್, ಪ್ರೊಜೆಸ್ಟರಾನ್ ರಿಸೆಪ್ಟರ್, ಹರ್-2 ಎಂಬ ಮೂರು ಪರೀಕ್ಷೆಗಳು ಯಾವ ಔಷಧಿ ಕೊಡಬೇಕೆಂದು ಹೇಳುತ್ತವೆ. ಈ ಪರೀಕ್ಷೆಗಳಿಗಾಗಿ ಅಮೆರಿಕದ ಆಂಕಾಲಜಿಸ್ಟ್ ಮತ್ತು ಪೆಥಾಲಜಿಸ್ಟ್ ಸಂಘಟನೆಗಳು ಜಂಟಿಯಾಗಿ ಹಾಕಿಕೊಟ್ಟ ನಿಯಮ ಈಗ ಜಗತ್ತಿನ ಬಹುಕಡೆ ಪಾಲನೆಯಲ್ಲಿದೆ: ತುಂಡು ದೇಹದಿಂದ ಹೊರಬಂದ 1 ಗಂಟೆಯೊಳಗೆ ಫಾರ್ಮಲಿನ್ ಸೇರಬೇಕು, ಅದರಲ್ಲಿ ಕನಿಷ್ಠ 6 ಗಂಟೆ, ಹೆಚ್ಚೆಂದರೆ 72 ಗಂಟೆ ಇರಬೇಕು. ಹೆಚ್ಚು ಹೊತ್ತು ಇಟ್ಟದ್ದಕ್ಕೆ ಸ್ವಲ್ಪ ಪರಿಹಾರವಿದೆ. 1991ರಲ್ಲಿ ಶಾನ್-ರಾಂಗ್ ಶಿ ಮತ್ತು ಸಂಗಡಿಗರು ಪದರಗಳನ್ನು ಮೈಕ್ರೋವೇವ್‌ನಲ್ಲಿ ಬಿಸಿಮಾಡಿ, ಸೇತುವೆಗಳ ಹಿಂದೆ ಅಡಗಿದ ಪ್ರೋಟೀನುಗಳನ್ನು ಮತ್ತೆ ಕಾಣುವಂತೆ ಮಾಡಿದರು. ಕಡಿಮೆ ಹೊತ್ತು ಇಟ್ಟದ್ದಕ್ಕೂ ತಡವಾಗಿ ಹಾಕಿದ್ದಕ್ಕೂ ಅಂಥ ಪರಿಹಾರ ಇಲ್ಲ. ಕರಗಿಹೋದ ರಿಸೆಪ್ಟರ್ ಮತ್ತೆ ಹುಟ್ಟುವುದಿಲ್ಲ. ವರದಿಯಲ್ಲಿ 'ನೆಗೆಟಿವ್' ಎಂದು ಬರಬಹುದು, ರೋಗಿಗೆ ಸಲ್ಲಬೇಕಿದ್ದ ಮಾತ್ರೆ ತಪ್ಪಿಹೋಗಬಹುದು. ಆದ್ದರಿಂದ ಬಾಟಲಿಯ ಚೀಟಿಯ ಮೇಲೆ ರೋಗಿಯ ಹೆಸರು, ವಯಸ್ಸು, ಎಡವೋ ಬಲವೋ ಎಂಬುದರ ಜೊತೆಗೆ ತುಂಡು ಫಾರ್ಮಲಿನ್ನಿಗೆ ಬಿದ್ದ ಸಮಯವನ್ನೂ ಬರೆಸಿಕೊಳ್ಳಬೇಕು. ಮನೆಯವರು ಇದನ್ನು ಧೈರ್ಯವಾಗಿ ಕೇಳಬಹುದು.

ಫಾರ್ಮಲಿನ್ ಬೇಡವಾದ ಸಂದರ್ಭಗಳು

ಫಾರ್ಮಲಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಕುತ್ತಿಗೆಯ ಗಡ್ಡೆ ಕ್ಷಯವಿರಬಹುದೆಂಬ ಅನುಮಾನವಿದ್ದು, ತೆಗೆದ ತುಂಡನ್ನೆಲ್ಲ ಫಾರ್ಮಲಿನ್ನಿಗೆ ಹಾಕಿದರೆ ಕಲ್ಚರ್ ಮಾಡುವ ದಾರಿ ಮುಚ್ಚಿಹೋಗುತ್ತದೆ. ಔಷಧಿಗೆ ಬಗ್ಗದ ಕ್ಷಯವೇ ಎಂದು ತಿಳಿಯಲು ಕಲ್ಚರ್ ಬೇಕಾಗುವ ನಮ್ಮಂಥ ದೇಶದಲ್ಲಿ ಇದು ಸಣ್ಣ ನಷ್ಟವಲ್ಲ. ತುಂಡನ್ನು ಎರಡು ಮಾಡಿ, ಒಂದನ್ನು ಸ್ಟೆರೈಲ್ ಸಲೈನಿನಲ್ಲಿ ಮೈಕ್ರೋಬಯಾಲಜಿಗೂ ಇನ್ನೊಂದನ್ನು ಫಾರ್ಮಲಿನ್ನಿನಲ್ಲಿ ಪೆಥಾಲಜಿಗೂ ಕಳಿಸಬೇಕು. ಕಿಡ್ನಿ ಬಯಾಪ್ಸಿಯ ಇಮ್ಯುನೊಫ್ಲೋರೆಸೆನ್ಸ್ ಪರೀಕ್ಷೆಗೆ ಮಿಶೆಲ್ ದ್ರಾವಣ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಗ್ಲುಟರಾಲ್ಡಿಹೈಡ್, ಗೌಟ್ ರೋಗದ ಯೂರೇಟ್ ಹರಳುಗಳಿಗೆ ಆಲ್ಕೋಹಾಲ್. ಆಪರೇಷನ್ ನಡೆಯುತ್ತಿರುವಾಗಲೇ ಉತ್ತರ ಬೇಕಾದ ಫ್ರೋಜನ್ ಸೆಕ್ಷನ್ನಿಗೆ ಯಾವ ದ್ರವವೂ ಬೇಡ, ಹಸಿ ತುಂಡೇ ಓಡಬೇಕು. ವೃಷಣದ ಬಯಾಪ್ಸಿಗೆ ಹಿಂದಿನಿಂದಲೂ ಬೂವಾಂ ದ್ರಾವಣ ಮೆಚ್ಚುಗೆಯದು. ಅದರಲ್ಲಿರುವ ಪಿಕ್ರಿಕ್ ಆಮ್ಲ ಒಣಗಿದರೆ ಸಿಡಿಯುವಂಥದ್ದಾದ್ದರಿಂದ ಬಾಟಲಿಯ ಮುಚ್ಚಳದಲ್ಲಿ ಹರಳು ಕಟ್ಟಲು ಬಿಡಬಾರದು.

ಸೂಜಿಯಿಂದ ಎಳೆದು ಸ್ಲೈಡಿಗೆ ಸವರುವ ಎಫ್ಎನ್ಎಸಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಗೀಮ್ಸಾ ಬಣ್ಣಕ್ಕೆ ಹೋಗುವ ಸ್ಲೈಡ್ ಗಾಳಿಯಲ್ಲಿ ಒಣಗಬೇಕು, ಪ್ಯಾಪ್ ಬಣ್ಣಕ್ಕೆ ಹೋಗುವುದು ಒಣಗುವ ಮುನ್ನವೇ 95 ಪ್ರತಿಶತ ಆಲ್ಕೋಹಾಲಿನಲ್ಲಿ ಮುಳುಗಬೇಕು. ಗರ್ಭಕಂಠದ ಪ್ಯಾಪ್ ಸ್ಮಿಯರಿಗೂ ಇದೇ ನಿಯಮ. ಗಾಳಿಯಲ್ಲಿ ಒಣಗಿಸಿಟ್ಟ ಸ್ಲೈಡುಗಳ ಪಕ್ಕದಲ್ಲಿ ತೆರೆದ ಫಾರ್ಮಲಿನ್ ಬಾಟಲಿ ಇದ್ದರೆ ಅದರ ಹಬೆಯೊಂದೇ ಅವುಗಳ ಬಣ್ಣ ಕೆಡಿಸಲು ಸಾಕು. ಎರಡನ್ನೂ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಳಿಸುವುದನ್ನು ಇವತ್ತೇ ನಿಲ್ಲಿಸಬೇಕು.

ಹಬೆಯ ವಿಷಯ ಬಂದ ಮೇಲೆ ಸುರಕ್ಷತೆಯ ಮಾತು. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಫಾರ್ಮಾಲ್ಡಿಹೈಡನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಬಾಟಲಿ ಹಿಡಿದು ಬಸ್ಸು ಹತ್ತುವ ಮನೆಯವರಿಗೆ ಇದರಿಂದ ಭಯವಿಲ್ಲ, ಮುಚ್ಚಳ ಭದ್ರವಾಗಿದ್ದರೆ ಸಾಕು. ದಿನವಿಡೀ ಅದರ ಮಧ್ಯೆ ನಿಲ್ಲುವ ಟೆಕ್ನಿಷಿಯನ್‌ಗಳಿಗೆ ಮಾತ್ರ ಗಾಳಿ ಎಳೆಯುವ ಹುಡ್, ನೈಟ್ರೈಲ್ ಕೈಗವಸು, ಕನ್ನಡಕ ಕೊಡಲೇಬೇಕು. ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮ 8 ಗಂಟೆಯ ಸರಾಸರಿಗೆ ಇಟ್ಟಿರುವ ಮಿತಿ ಹತ್ತು ಲಕ್ಷ ಪಾಲು ಗಾಳಿಗೆ ಮುಕ್ಕಾಲು ಪಾಲು ಫಾರ್ಮಾಲ್ಡಿಹೈಡ್. ಕಣ್ಣು ಉರಿಯುತ್ತಲೇ ಇರುವ ಕೋಣೆಯಲ್ಲಿ ಕೆಲಸ ಮಾಡಿಸುವುದು ತಪ್ಪು. ಕುಡಿಯುವ ನೀರಿನ ಬಾಟಲಿಯಲ್ಲಿ ಫಾರ್ಮಲಿನ್ ತುಂಬಿಡುವುದು ಯಾವ ಕಾರಣಕ್ಕೂ ಸಲ್ಲ. ಕಣ್ಣಿಗೆ ಸಿಡಿದರೆ ಕನಿಷ್ಠ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ವೈದ್ಯರ ಬಳಿ ಹೋಗಬೇಕು.

ಮೇಣ, ಕತ್ತಿ, ಗಾಜು

ಫಿಕ್ಸ್ ಆದ ತುಂಡಿನಿಂದ ಪೆಥಾಲಜಿಸ್ಟ್ ಬೇಕಾದ ಭಾಗಗಳನ್ನು ಆರಿಸಿ ಕ್ಯಾಸೆಟ್ಟಿನಲ್ಲಿ ಇಡುತ್ತಾರೆ. ಆಮೇಲಿನದು ಬಹುತೇಕ ಯಂತ್ರದ ಕೆಲಸ: ಏರುಕ್ರಮದ ಆಲ್ಕೋಹಾಲುಗಳಲ್ಲಿ ನೀರು ಹೊರಹೋಗುತ್ತದೆ, ಕ್ಸೈಲೀನ್ ಆಲ್ಕೋಹಾಲನ್ನು ಹೊರದೂಡುತ್ತದೆ, 60 ಡಿಗ್ರಿಯ ಆಸುಪಾಸಿನಲ್ಲಿ ಕರಗಿದ ಪ್ಯಾರಾಫಿನ್ ಮೇಣ ಆ ಜಾಗಕ್ಕೆ ಬರುತ್ತದೆ. ಮೇಣದ ಬ್ಲಾಕನ್ನು ಮೈಕ್ರೋಟೋಮಿನಲ್ಲಿ 3ರಿಂದ 5 ಮೈಕ್ರಾನ್ ದಪ್ಪಕ್ಕೆ, ಅಂದರೆ ಒಂದು ಕೆಂಪು ರಕ್ತಕಣದ ಅಗಲಕ್ಕಿಂತಲೂ ತೆಳ್ಳಗೆ ಕತ್ತರಿಸಿ, ಬೆಚ್ಚಗಿನ ನೀರಿನ ಮೇಲೆ ತೇಲಿಸಿ, ಗಾಜಿನ ಸ್ಲೈಡಿಗೆ ಎತ್ತಿಕೊಳ್ಳುತ್ತಾರೆ. ವರದಿಗೆ ದಿನಗಳು ಹಿಡಿಯುವುದು ಇದಕ್ಕೇ. ಮೂಳೆ ಇದ್ದರೆ ಅದರ ಸುಣ್ಣವನ್ನು ಫಾರ್ಮಿಕ್ ಆಮ್ಲದಲ್ಲೋ ಇಡಿಟಿಎಯಲ್ಲೋ ಕರಗಿಸಬೇಕು, ಇನ್ನಷ್ಟು ದಿನ ಸೇರುತ್ತದೆ. ಅದನ್ನು ಅವಸರಪಡಿಸಿ ಗಟ್ಟಿ ಆಮ್ಲಕ್ಕೆ ಹಾಕಿಸಿದರೆ ಬಣ್ಣ ಹಿಡಿಯುವ ಶಕ್ತಿಯೇ ಹೋಗುತ್ತದೆ.

ಈ ಹಂತದಲ್ಲಿ ಸ್ಲೈಡಿನ ಮೇಲೆ ಕಾಣುವುದು ಏನೂ ಇಲ್ಲವೆನ್ನುವಷ್ಟು ಪಾರದರ್ಶಕ ಪದರ. ಕೋಶಕೇಂದ್ರ ಯಾವುದು, ಕೋಶರಸ ಯಾವುದು ಎಂದು ತಿಳಿಯಬೇಕಾದರೆ ಬಣ್ಣ ಬೇಕು. ಲೋಕದ ಬಹುತೇಕ ಎಲ್ಲ ಪೆಥಾಲಜಿ ಲ್ಯಾಬುಗಳಲ್ಲೂ ಮೊದಲು ಹಾಕುವುದು ಹಿಮೆಟಾಕ್ಸಿಲಿನ್ ಮತ್ತು ಇಯೊಸಿನ್ ಜೋಡಿ. ಲ್ಯಾಬಿನವರ ಮಾತಿನಲ್ಲಿ ಎಚ್ ಅಂಡ್ ಇ.

ಹಿಮೆಟಾಕ್ಸಿಲಿನ್ ಸಿಗುವುದು ಮೆಕ್ಸಿಕೋದ ಕಾಂಪೆಚೆ ಸೀಮೆಯ ಲಾಗ್‌ವುಡ್ ಎಂಬ ಮುಳ್ಳುಮರದ ತಿರುಳಿನಿಂದ. 16ನೇ ಶತಮಾನದಿಂದ ಯುರೋಪಿಗೆ ಬಟ್ಟೆಗೆ ಬಣ್ಣ ಹಾಕಲೆಂದು ಹಡಗುಗಟ್ಟಲೆ ಸಾಗುತ್ತಿದ್ದ ಮರ ಅದು. ಇಂದಿನ ಬೆಲೀಜ್ ದೇಶದಲ್ಲಿ ಇಂಗ್ಲಿಷರು ಮೊದಲು ಬೀಡುಬಿಟ್ಟದ್ದೂ ಅದನ್ನು ಕಡಿಯಲಿಕ್ಕೇ. ಆದರೆ ತಿರುಳಿನ ಸಾರವಷ್ಟೇ ಅಂಗಾಂಶಕ್ಕೆ ಹಿಡಿಯದು. ಅದು ಗಾಳಿಯೊಡನೆ ಸೇರಿ ಹಿಮೇಟೀನ್ ಆಗಬೇಕು, ಆಮೇಲೆ ಪಟಿಕದ ಅಲ್ಯೂಮಿನಿಯಂ ಜೊತೆ ಕೂಡಬೇಕು. ನಮ್ಮ ನಾಡಿನ ಬಣ್ಣಗಾರರು ಮಂಜಿಷ್ಠದ ಕೆಂಪನ್ನು ಹತ್ತಿಗೆ ಹಿಡಿಸಲು ಪಟಿಕ ಬಳಸುತ್ತಿದ್ದುದು ಇದೇ ರಸಾಯನಶಾಸ್ತ್ರದ ಬಲದಿಂದ. ಸೂಕ್ಷ್ಮದರ್ಶಕದ ಕೆಲಸಕ್ಕೆ ಪಟಿಕ ಬೆರೆಸಿದ ಹಿಮೆಟಾಕ್ಸಿಲಿನ್ ತಂದದ್ದು 1865ರಲ್ಲಿ ಬೋಮರ್. 1886ರ ಎರ್ಲಿಕ್ ಸೂತ್ರದ ದ್ರಾವಣವನ್ನು ಬಿಸಿಲಲ್ಲಿಟ್ಟು ವಾರಗಟ್ಟಲೆ ಹಣ್ಣು ಮಾಡಬೇಕು. ಹ್ಯಾರಿಸ್ 1900ರಲ್ಲಿ ಪಾದರಸದ ಆಕ್ಸೈಡ್ ಹಾಕಿ ಅದನ್ನು ಕೂಡಲೇ ಹಣ್ಣಾಗಿಸಿದರು. ಪಾದರಸ ವಿಷವಾದ್ದರಿಂದ ಈಗ ಆ ಜಾಗಕ್ಕೆ ಸೋಡಿಯಂ ಅಯೊಡೇಟ್ ಬಂದಿದೆ.

ಅಲ್ಯೂಮಿನಿಯಂ ಜೊತೆಗೂಡಿದ ಹಿಮೇಟೀನ್ ಧನ ವಿದ್ಯುದಂಶದ್ದು, ಕೋಶಕೇಂದ್ರದ ಡಿಎನ್ಎಯಲ್ಲಿನ ಫಾಸ್ಫೇಟುಗಳು ಋಣದವು. ಎರಡೂ ಒಂದನ್ನೊಂದು ಸೆಳೆದು ಕೋಶಕೇಂದ್ರ ನೀಲಿನೇರಳೆಯಾಗುತ್ತದೆ. ಜರ್ಮನಿಯ ಬಣ್ಣದ ಕಾರ್ಖಾನೆಗಳಿಂದ 1870ರ ದಶಕದಲ್ಲಿ ಬಂದ ಇಯೊಸಿನ್ ಋಣ ವಿದ್ಯುದಂಶದ್ದು, ಅದು ಕೋಶರಸದ ಮತ್ತು ಕಾಲಜನ್ ನಾರಿನ ಪ್ರೋಟೀನುಗಳಿಗೆ ಅಂಟಿ ಗುಲಾಬಿ ಬಣ್ಣ ತರುತ್ತದೆ. ಎರಡನ್ನೂ ಒಂದೇ ಪದರಕ್ಕೆ ಹಾಕಿದ್ದು 1876ರಲ್ಲಿ ವಿಸೊಜ್ಕಿ.

ಕೈಯಿಂದ ಬಣ್ಣ ಹಾಕುವ ಲ್ಯಾಬುಗಳಲ್ಲಿ ಹ್ಯಾರಿಸ್ ಕ್ರಮ ಹೀಗೆ ನಡೆಯುತ್ತದೆ. ಸ್ಲೈಡನ್ನು 60 ಡಿಗ್ರಿಯ ಓವನ್ನಿನಲ್ಲಿ ಅರ್ಧ ಗಂಟೆ ಇಟ್ಟು, ಎರಡು ಬಾರಿ ಕ್ಸೈಲೀನಿನಲ್ಲಿ ಐದೈದು ನಿಮಿಷ ಅದ್ದಿ ಮೇಣ ಕರಗಿಸಬೇಕು. ಇಳಿಕ್ರಮದ ಆಲ್ಕೋಹಾಲುಗಳ ಮೂಲಕ ನೀರಿಗೆ ತರಬೇಕು. ಹಿಮೆಟಾಕ್ಸಿಲಿನ್‌ನಲ್ಲಿ ಸುಮಾರು 5 ನಿಮಿಷ. ದ್ರಾವಣವನ್ನು ಪ್ರತಿದಿನ ಸೋಸದಿದ್ದರೆ ಮೇಲೆ ಕಟ್ಟುವ ಮಿರುಗುವ ಕೆನೆ ಸ್ಲೈಡಿಗೆ ಅಂಟುತ್ತದೆ. ನೀರಿನಲ್ಲಿ ತೊಳೆದು, 1 ಪ್ರತಿಶತ ಆಸಿಡ್ ಆಲ್ಕೋಹಾಲಿನಲ್ಲಿ ಕೆಲವೇ ಕ್ಷಣ ಅದ್ದಿ ಹೆಚ್ಚಿನ ಬಣ್ಣ ಬಿಡಿಸಬೇಕು. ಈಗ ಪದರ ಕೆಂಪಗೆ ಕಾಣುತ್ತದೆ. ಅದನ್ನು ನೀಲಿಗೆ ತಿರುಗಿಸುವುದು ಕ್ಷಾರ, ಸಾಮಾನ್ಯವಾಗಿ ಹರಿಯುವ ನಲ್ಲಿ ನೀರೇ ಆ ಕೆಲಸ ಮಾಡುತ್ತದೆ.

ಎಲ್ಲ ಊರಿನ ನೀರೂ ಮಾಡುವುದಿಲ್ಲ ಎಂಬುದನ್ನು ಪುಸ್ತಕ ನೋಡಿ ಕಲಿತವರು ಮರೆಯುತ್ತಾರೆ. ಬಯಲುಸೀಮೆಯ ಬೋರ್‌ವೆಲ್ಲಿನ ಗಡಸು ನೀರು ಕ್ಷಾರೀಯವಾಗಿದ್ದು ಚೆನ್ನಾಗಿ ನೀಲಿ ತರುತ್ತದೆ. ಕರಾವಳಿಯ ಮುರಕಲ್ಲಿನ ನೆಲದ ಬಾವಿನೀರು ಸಾಮಾನ್ಯವಾಗಿ ತುಸು ಹುಳಿ. ಅದರಲ್ಲಿ ಎಷ್ಟು ಹೊತ್ತು ತೊಳೆದರೂ ಕೋಶಕೇಂದ್ರ ಮಾಸಲು ಕೆಂಪಾಗಿಯೇ ಉಳಿಯಬಹುದು. ಅಂಥಲ್ಲಿ ಒಂದು ಲೀಟರ್ ನೀರಿಗೆ 3.5 ಗ್ರಾಂ ಸೋಡಿಯಂ ಬೈಕಾರ್ಬೊನೇಟ್, 20 ಗ್ರಾಂ ಮೆಗ್ನೀಸಿಯಂ ಸಲ್ಫೇಟ್ ಬೆರೆಸಿದ ಸ್ಕಾಟ್ ದ್ರಾವಣ ಇಟ್ಟುಕೊಳ್ಳಬೇಕು, ಇಲ್ಲವೇ ಒಂದೆರಡು ಹನಿ ಅಮೋನಿಯಾ ಹಾಕಿದ ನೀರು.

ಆಮೇಲೆ ಇಯೊಸಿನ್ ಒಂದೆರಡು ನಿಮಿಷ. ಅದು ಪೇಲವವಾದರೆ ದ್ರಾವಣದ ಹುಳಿ ಸಾಲದೆಂದು ಅರ್ಥ, ಒಂದು ಹನಿ ಅಸೆಟಿಕ್ ಆಮ್ಲ ಅದನ್ನು ಸರಿಪಡಿಸುತ್ತದೆ. ಆಲ್ಕೋಹಾಲುಗಳಲ್ಲಿ ಬೇಗ ಬೇಗ ಸಾಗಬೇಕು, ಅವು ಇಯೊಸಿನ್ನನ್ನು ಎಳೆದುಕೊಳ್ಳುತ್ತವೆ. ಕೊನೆಯ ಕ್ಸೈಲೀನ್ ಹಾಲಿನಂತೆ ಬೆಳ್ಳಗಾದರೆ ನೀರು ಉಳಿದಿದೆ. ಮಳೆಗಾಲದ ಮಲೆನಾಡಿನಲ್ಲಿ ಆಬ್ಸೊಲ್ಯೂಟ್ ಆಲ್ಕೋಹಾಲೇ ಗಾಳಿಯ ತೇವ ಹೀರಿಕೊಂಡು ಹೀಗಾಗುತ್ತದೆ. ಹೊಸ ಆಲ್ಕೋಹಾಲಿಗೆ ಹಿಂತಿರುಗಿಸಿ, ಮತ್ತೆ ಕ್ಸೈಲೀನಿಗೆ ತಂದು, ಡಿಪಿಎಕ್ಸ್ ಎಂಬ ಅಂಟು ಹಾಕಿ ಕವರ್‌ಸ್ಲಿಪ್ ಮುಚ್ಚಬೇಕು.

ಚೆನ್ನಾಗಿ ಬಂದ ಸ್ಲೈಡಿನಲ್ಲಿ ಕೋಶಕೇಂದ್ರದ ಅಂಚು ಗೆರೆ ಎಳೆದಂತೆ ಸ್ಪಷ್ಟ, ಒಳಗಿನ ಕ್ರೊಮ್ಯಾಟಿನ್ ಕಣಕಣವಾಗಿ ಬಿಡಿಬಿಡಿ. ಅದು ಕಲೆಕಲೆಯಾಗಿ, ಶಾಯಿ ಹರಡಿದಂತೆ ಕಂಡರೆ ಅನೇಕರು ಹಿಮೆಟಾಕ್ಸಿಲಿನ್ ಬಾಟಲಿ ಬದಲಿಸಲು ಹೊರಡುತ್ತಾರೆ. ಬಣ್ಣದ ಮೇಲೆ ತಪ್ಪು ಹೊರಿಸುವ ಮುನ್ನ ತುಂಡು ಫಾರ್ಮಲಿನ್ ಸೇರಿದ ಸಮಯ ಕೇಳುವುದು ಒಳ್ಳೆಯದು. ಅಂಥ ಕೋಶಕೇಂದ್ರದ ಮೂಲ ಹೆಚ್ಚಿನ ಸಲ ಅಲ್ಲೇ ಇರುತ್ತದೆ.

ಒಂದೊಂದು ಕಾಯಿಲೆಗೆ ಒಂದೊಂದು ಬಣ್ಣ

ಎಚ್ ಅಂಡ್ ಇ ಎಲ್ಲವನ್ನೂ ತೋರಿಸುವುದಿಲ್ಲ. ಕಬ್ಬಿಣಕ್ಕೆ ಪರ್ಲ್ಸ್ ನೀಲಿ, ಶಿಲೀಂಧ್ರ ಮತ್ತು ಗ್ಲೈಕೋಜನ್ನಿಗೆ ಪಿಎಎಸ್, ಅಮಿಲಾಯ್ಡಿಗೆ ಕಾಂಗೋ ರೆಡ್. ಕ್ಷಯದ ಬ್ಯಾಕ್ಟೀರಿಯಾಕ್ಕೆ ಇರುವ ಮೇಣದಂಥ ಹೊದಿಕೆ ಸಾಮಾನ್ಯ ಬಣ್ಣವನ್ನು ಒಳಬಿಡದು. ಒಮ್ಮೆ ಬಿಸಿಮಾಡಿ ಒಳತೂರಿಸಿದ ಕಾರ್ಬಾಲ್ ಫುಕ್ಸಿನ್ನನ್ನು ಆಮ್ಲ ಹಾಕಿದರೂ ಬಿಟ್ಟುಕೊಡದು. ಜೀಲ್ ಮತ್ತು ನೀಲ್ಸನ್ 1882-83ರಲ್ಲಿ ಹದಗೊಳಿಸಿದ ಈ ವಿಧಾನದಲ್ಲಿ ನೀಲಿ ಹಿನ್ನೆಲೆಯ ಮೇಲೆ ಕೆಂಪು ಕಡ್ಡಿಗಳು ಕಾಣುತ್ತವೆ.

ಕುಷ್ಠದ ಬ್ಯಾಕ್ಟೀರಿಯಾ ಇನ್ನೂ ಸೂಕ್ಷ್ಮ. ಮೇಣ ಕರಗಿಸುವ ಕ್ಸೈಲೀನ್, ಆಲ್ಕೋಹಾಲುಗಳೇ ಅದರ ಹೊದಿಕೆಯನ್ನು ತೊಳೆದುಬಿಡುವುದರಿಂದ ಸಾಮಾನ್ಯ ಜೀಲ್-ನೀಲ್ಸನ್ ವಿಧಾನದಲ್ಲಿ ಅದು ಕಾಣದೇ ಹೋಗಬಹುದು. ಅಮೆರಿಕದ ಜಾರ್ಜ್ ಫೈಟ್ ಹೆಸರಿನ ವಿಧಾನದಲ್ಲಿ ಎರಡು ಪಾಲು ಕ್ಸೈಲೀನಿಗೆ ಒಂದು ಪಾಲು ಕಡಲೆಕಾಯಿ ಎಣ್ಣೆ ಬೆರೆಸಿ ಮೇಣ ಬಿಡಿಸುತ್ತಾರೆ. ಎಣ್ಣೆ ಆ ಹೊದಿಕೆಯನ್ನು ಕಾಯುತ್ತದೆ. ಆಮೇಲೆ ಹಾಕುವ ಆಮ್ಲವೂ ದುರ್ಬಲವಾದದ್ದು. ಮರಗಟ್ಟಿದ ಚರ್ಮದ ಮಚ್ಚೆಯ ಬಯಾಪ್ಸಿ ಕಳಿಸುವ ವೈದ್ಯರು ಕೋರಿಕೆ ಚೀಟಿಯಲ್ಲಿ 'ಕುಷ್ಠದ ಅನುಮಾನ' ಎಂದು ಎರಡು ಪದ ಬರೆಯುವುದು ಇದಕ್ಕಾಗಿಯೇ ಮುಖ್ಯ. ಬರೆಯದಿದ್ದರೆ ಲ್ಯಾಬಿನಲ್ಲಿ ಆ ಎಣ್ಣೆಯ ಬಾಟಲಿ ತೆರೆಯುವ ಸಂದರ್ಭವೇ ಬಾರದೆ ಹೋಗಬಹುದು.

ಫಿಕ್ಸ್ ಮಾಡದಿರುವುದೇ ಸರಿಯಾದ ಜಾಗವೂ ಒಂದಿದೆ. ಮಲೇರಿಯಾ ಪರೀಕ್ಷೆಗೆ ಒಂದೇ ಸ್ಲೈಡಿನಲ್ಲಿ ರಕ್ತದ ತೆಳು ಲೇಪವನ್ನೂ ದಪ್ಪ ಲೇಪವನ್ನೂ ಮಾಡುತ್ತಾರೆ. ತೆಳು ಲೇಪವನ್ನು ಫಿಕ್ಸ್ ಮಾಡಲು ಮೆಥನಾಲ್ ಬೇಕು, ದಪ್ಪ ಲೇಪಕ್ಕೆ ಮೆಥನಾಲ್ ತಾಗಲೇಬಾರದು. ಕೆಂಪುಕಣಗಳು ಒಡೆದು ಹಿಮೋಗ್ಲೋಬಿನ್ ಹರಿದುಹೋದರೆ ಮಾತ್ರ ಪರಾವಲಂಬಿಗಳು ಬಯಲಾಗುತ್ತವೆ. ಭಾರತದ ಮಲೇರಿಯಾ ಕಾರ್ಯಕ್ರಮದಲ್ಲಿ ದಶಕಗಳಿಂದ ಬಳಕೆಯಲ್ಲಿರುವ ಅಗ್ಗದ, ಬೇಗದ ಜೆಎಸ್‌ಬಿ ಬಣ್ಣವನ್ನು 1944ರಲ್ಲಿ ರೂಪಿಸಿದವರು ಜಸ್ವಂತ್ ಸಿಂಗ್ ಮತ್ತು ಭಟ್ಟಾಚಾರ್ಜಿ. ಮಲೇರಿಯಾ ಬಹುಕಾಲ ಕಾಡಿದ ಮಂಗಳೂರಿನಂಥ ಊರಿನ ಲ್ಯಾಬುಗಳಿಗೆ ಇವೆಲ್ಲ ನಿತ್ಯದ ಮಾತು.

ಶಾಲಾ ಕಾಲೇಜುಗಳಲ್ಲಿ ಫಾರ್ಮಲಿನ್ನೂ ಇಲ್ಲದೆ, ಮೈಕ್ರೋಟೋಮೂ ಇಲ್ಲದೆ ಈ ವಿದ್ಯೆಯ ಸಾರವನ್ನು ತೋರಿಸಬಹುದು. ಪಿಯುಸಿ ಪ್ರಯೋಗದ ಈರುಳ್ಳಿ ಬೇರಿನ ತುದಿಯೇ ಸಾಕು. 1 ಪಾಲು ಅಸೆಟಿಕ್ ಆಮ್ಲ, 3 ಪಾಲು ಆಲ್ಕೋಹಾಲ್ ಬೆರೆಸಿದ ದ್ರವದಲ್ಲಿ ಬೇರಿನ ತುದಿಗಳನ್ನು 24 ಗಂಟೆ ಇಟ್ಟು, 70 ಪ್ರತಿಶತ ಆಲ್ಕೋಹಾಲಿಗೆ ಬದಲಿಸಿ, ಬೇಕಾದಾಗ ತೆಗೆದು ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಮೆತ್ತಗೆ ಮಾಡಿ, ಅಸಿಟೊಕಾರ್ಮೈನ್ ಹಾಕಿ ಹಗುರವಾಗಿ ಒತ್ತಿದರೆ ವಿಭಜನೆಯ ಹಂತದಲ್ಲೇ ನಿಂತುಹೋದ ವರ್ಣತಂತುಗಳು ಕಾಣುತ್ತವೆ. ಶಿಕ್ಷಕರು ಫಿಕ್ಸ್ ಮಾಡದ ಹಸಿ ಬೇರೊಂದನ್ನೂ ಪಕ್ಕದಲ್ಲಿ ಅದೇ ರೀತಿ ಒತ್ತಿ ತೋರಿಸಿದರೆ ವ್ಯತ್ಯಾಸವನ್ನು ಬಾಯಲ್ಲಿ ವಿವರಿಸುವ ಅಗತ್ಯ ಬೀಳದು.

ಬ್ಲಾಕನ್ನು ಕೇಳಿ ಪಡೆಯಿರಿ

ಸ್ಲೈಡಿನ ಬಣ್ಣ ವರ್ಷಗಳಲ್ಲಿ ಮಾಸುತ್ತದೆ, ಮೇಣದ ಬ್ಲಾಕ್ ಮಾತ್ರ ದಶಕಗಟ್ಟಲೆ ಉಳಿಯುತ್ತದೆ. 1918ರ ಸೆಪ್ಟೆಂಬರಿನಲ್ಲಿ ಅಮೆರಿಕದ ಸೌತ್ ಕೆರೊಲಿನಾದ ಸೇನಾ ಶಿಬಿರದಲ್ಲಿ ಇನ್‌ಫ್ಲುಯೆಂಜಾದಿಂದ ಸತ್ತ ಯುವ ಸೈನಿಕನ ಶ್ವಾಸಕೋಶದ ತುಂಡನ್ನು ಫಾರ್ಮಲಿನ್ನಿನಲ್ಲಿ ಫಿಕ್ಸ್ ಮಾಡಿ ಮೇಣದಲ್ಲಿ ಕೂರಿಸಿಟ್ಟಿದ್ದರು. ಸುಮಾರು 80 ವರ್ಷದ ನಂತರ, 1997ರಲ್ಲಿ, ಜೆಫ್ರಿ ಟಾಬೆನ್‌ಬರ್ಗರ್ ಮತ್ತು ಸಂಗಡಿಗರು ಅದರಿಂದಲೇ ಆ ಮಹಾಮಾರಿಯ ವೈರಸ್ಸಿನ ಜೀನ್ ತುಣುಕುಗಳನ್ನು ಓದಿ ಪ್ರಕಟಿಸಿದರು. ಎಚ್ಐವಿ ಮನುಷ್ಯರಲ್ಲಿ ಎಷ್ಟು ಹಿಂದಿನಿಂದ ಇತ್ತೆಂದು ಲೆಕ್ಕ ಹಾಕಲು 2008ರಲ್ಲಿ ನೆರವಾದ ಸಾಕ್ಷ್ಯಗಳಲ್ಲಿ 1960ರಲ್ಲಿ ಇಂದಿನ ಕಿನ್ಶಾಸಾದಲ್ಲಿ ತೆಗೆದ ದುಗ್ಧಗ್ರಂಥಿಯ ಮೇಣದ ಬ್ಲಾಕೂ ಒಂದು.

ರೋಗಿಗೆ ಇದರ ಉಪಯೋಗ ಇನ್ನೂ ಹತ್ತಿರದ್ದು. ಎರಡನೇ ಅಭಿಪ್ರಾಯಕ್ಕೆ ಬೆಂಗಳೂರಿಗೋ ಹುಬ್ಬಳ್ಳಿಗೋ ಹೋಗುವವರು ವರದಿಯ ಹಾಳೆಯನ್ನಷ್ಟೇ ಒಯ್ದರೆ ಅಲ್ಲಿನ ಪೆಥಾಲಜಿಸ್ಟ್ ಓದಬಹುದಾದ್ದು ಬೇರೊಬ್ಬರ ಮಾತನ್ನು ಮಾತ್ರ. ಸ್ಲೈಡುಗಳನ್ನೂ ಬ್ಲಾಕುಗಳನ್ನೂ ಬರೆದುಕೊಟ್ಟು ಪಡೆಯಬೇಕು, ಅವುಗಳ ಮೇಲಿನ ಸಂಖ್ಯೆ ವರದಿಯ ಸಂಖ್ಯೆಗೆ ಹೊಂದುತ್ತದೆಯೇ ಎಂದು ಕೌಂಟರಿನಲ್ಲೇ ನೋಡಿಕೊಳ್ಳಬೇಕು. ಆ ಸಂಖ್ಯೆಯನ್ನು ಪೆನ್ಸಿಲಿನಲ್ಲಿ ಬರೆದಿರುತ್ತಾರೆ, ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಅಳಿಸಿಹೋಗುತ್ತದೆ. ಸ್ಲೈಡುಗಳಿಗೆ ಗಟ್ಟಿ ಪೆಟ್ಟಿಗೆ ಬೇಕು. ಬ್ಲಾಕುಗಳನ್ನು ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಇಡಬಾರದು, ಅಲ್ಲಿನ ಬಿಸಿಗೆ ಮೇಣ ಮೆತ್ತಗಾಗಿ ತುಂಡು ಅಲುಗುತ್ತದೆ. ಬ್ಯಾಗಿನೊಳಗೆ, ನೆರಳಿನಲ್ಲಿ, ವರದಿಯ ಮೂಲಪ್ರತಿಯ ಜೊತೆಗೆ ಇಟ್ಟು ಒಯ್ಯಬೇಕು. ಕೆಲಸ ಮುಗಿದ ಮೇಲೆ ಬ್ಲಾಕನ್ನು ಮೊದಲಿನ ಲ್ಯಾಬಿಗೇ ಹಿಂತಿರುಗಿಸಿ ರಸೀದಿ ಪಡೆಯುವುದು ಲೇಸು. ಕಾಯಿಲೆ ಮರಳಿದರೆ ಹೊಸ ಪರೀಕ್ಷೆಗೆ ಬೇಕಾಗುವುದು ಅದೇ ಬ್ಲಾಕ್.